ಪ್ಯಾಪರ್ಟ್ ಮೇಷ್ಟ್ರ ಆಮೆ: ಮನೆಯಲ್ಲಿ ನಾಲ್ಕೂವರೆ ಸ್ಟಾರ್, ಶಾಲೆಯ ಪುಸ್ತಕದಲ್ಲಿ ಒಂದು

ನಿಮ್ಮ ಮಗು ಮೂರನೆಯದೋ ನಾಲ್ಕನೆಯದೋ ಕ್ಲಾಸಿನಲ್ಲಿದ್ದರೆ ಅದರ ಕಂಪ್ಯೂಟರ್ ಪುಸ್ತಕ ತೆಗೆದು ನೋಡಿ. ಎಷ್ಟೋ ಖಾಸಗಿ ಶಾಲೆಗಳ ಪುಸ್ತಕದಲ್ಲಿ ಎಂಎಸ್‌ಡಬ್ಲ್ಯೂ ಲೋಗೋ ಅಂತ ಒಂದೆರಡು ಪಾಠ ಇರುತ್ತವೆ. ಲೋಗೋ ಅಂದರೆ ಮಕ್ಕಳಿಗೆ ಅಂತಲೇ ಮಾಡಿದ ಪ್ರೋಗ್ರಾಮಿಂಗ್ ಭಾಷೆ, ಎಂಎಸ್‌ಡಬ್ಲ್ಯೂ ಲೋಗೋ ಅದನ್ನು ಓಡಿಸುವ ಸಾಫ್ಟ್‌ವೇರ್. ಬಿಳಿ ಪರದೆ, ನಡುವೆ ಒಂದು ಸಣ್ಣ ತ್ರಿಭುಜ. ಅದಕ್ಕೆ ಆಮೆ ಅಂತ ಹೆಸರು. ಎಫ್‌ಡಿ 100 ಅಂತ ಟೈಪ್ ಮಾಡಿದರೆ ನೂರು ಹೆಜ್ಜೆ ಮುಂದೆ ಹೋಗುತ್ತೆ. ಆರ್‌ಟಿ 90 ಅಂದರೆ ನಿಂತಲ್ಲೇ ಬಲಕ್ಕೆ 90 ಡಿಗ್ರಿ ತಿರುಗುತ್ತೆ. ಹೋದ ದಾರಿಯಲ್ಲಿ ಗೆರೆ ಬೀಳುತ್ತೆ. ನೋಡೋಕೆ ಇಷ್ಟೇ.

ಇದರ ಹಿಂದೆ ಸೀಮೋರ್ ಪ್ಯಾಪರ್ಟ್ ಅನ್ನುವ ಗಣಿತಜ್ಞನ ಇಡೀ ಜೀವಮಾನದ ಕೆಲಸ ಇದೆ. ಮಕ್ಕಳು ಗಣಿತವನ್ನು ಹೇಗೆ ಕಲಿಯುತ್ತಾರೆ ಅನ್ನುವ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಮೂರು ಖಂಡ ಸುತ್ತಿದ ಮನುಷ್ಯ. ನಾನು ಮಗಳ ಜೊತೆ ಕೂತು ಈ ಆಮೆಯನ್ನು ಸಾಕಷ್ಟು ಓಡಿಸಿದ್ದೇನೆ, ಅಣ್ಣನ ಮಗ ರಜೆಗೆ ಬಂದಾಗ ಅವನೂ ಸೇರಿಕೊಂಡಿದ್ದಾನೆ. ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ: ವಸ್ತು ಬಹಳ ಒಳ್ಳೆಯದು, ಆದರೆ ನಮ್ಮಲ್ಲಿ ಅದನ್ನು ತಪ್ಪು ಪೀರಿಯಡ್ಡಿನಲ್ಲಿ ಕೂರಿಸಿದ್ದೇವೆ. ಅದು ಗಣಿತದ ಪೀರಿಯಡ್ಡಿಗೆ ಸೇರಬೇಕಾದ್ದು.

ಮಗಳ ಶಾಲೆಯಲ್ಲಿ ಇದನ್ನು ಹೇಗೆ ಮಾಡಿಸುತ್ತಾರೆ ಕೇಳಿ. ಟೆಸ್ಟ್ ಪೇಪರಿನಲ್ಲಿ "ಎಫ್‌ಡಿ, ಬಿಕೆ, ಆರ್‌ಟಿ ಇವುಗಳ ಫುಲ್ ಫಾರ್ಮ್ ಬರೆಯಿರಿ" ಅಂತ ಬರುತ್ತೆ. "ಪರದೆ ಅಳಿಸಲು ಯಾವ ಕಮಾಂಡ್?" ಅಂತ ಬಿಟ್ಟ ಸ್ಥಳ ತುಂಬೋದು ಬರುತ್ತೆ. ಲ್ಯಾಬಿನಲ್ಲಿ ಟೀಚರ್ ಬೋರ್ಡಿನ ಮೇಲೆ ಚೌಕದ ನಾಲ್ಕು ಸಾಲು ಬರೆಯುತ್ತಾರೆ, ಮಕ್ಕಳು ಹಾಗೇ ಟೈಪ್ ಮಾಡುತ್ತಾರೆ, ಎಲ್ಲರ ಪರದೆಯಲ್ಲೂ ಒಂದೇ ಚೌಕ ಬರುತ್ತೆ, ಬೆಲ್ ಹೊಡೆಯುತ್ತೆ. ಟೀಚರನ್ನು ಬೈದು ಪ್ರಯೋಜನವಿಲ್ಲ, ಪುಸ್ತಕ ಬರೆದವರೇ ಹಾಗೆ ಬರೆದಿದ್ದಾರೆ. ಪಕ್ಕದ ಪೀರಿಯಡ್ಡಿನಲ್ಲಿ ಗಣಿತದ ಟೀಚರ್ ಕೋನಮಾಪಕ ಇಟ್ಟು ಕೋನ ಅಳೆಸುತ್ತಿರುತ್ತಾರೆ. ಎರಡಕ್ಕೂ ಸಂಬಂಧ ಇದೆ ಅಂತ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಮನೆಯಲ್ಲಿ ನಾವು ಹಾಕಿಕೊಂಡಿದ್ದು ಎಫ್‌ಎಂಎಸ್ ಲೋಗೋ. ಎಂಎಸ್‌ಡಬ್ಲ್ಯೂ ಲೋಗೋದಿಂದಲೇ ಬೆಳೆದದ್ದು, ವಿಂಡೋಸಿಗೆ, ಪೂರ್ತಿ ಪುಕ್ಕಟೆ. ಹಳೇ ಲ್ಯಾಪ್‌ಟಾಪ್ ಸಾಕು, ಒಮ್ಮೆ ಹಾಕಿಕೊಂಡ ಮೇಲೆ ಇಂಟರ್ನೆಟ್ಟೂ ಬೇಡ. ಮೇಲೆ ಆಮೆಯ ಪರದೆ, ಕೆಳಗೆ ಕಮಾಂಡ್ ಹೊಡೆಯುವ ಜಾಗ, ಪಕ್ಕದಲ್ಲಿ ನಾಲ್ಕಾರು ಬಟನ್. ನೋಟಕ್ಕೆ ತೊಂಬತ್ತರ ದಶಕದ ಸಾಫ್ಟ್‌ವೇರ್ ಥರ ಇದೆ, ಬಣ್ಣ ಬೆಡಗು ಏನೂ ಇಲ್ಲ. ನನಗೆ ಅದೇ ಇಷ್ಟವಾಯಿತು. ಮಕ್ಕಳ ಆ್ಯಪ್‌ಗಳಲ್ಲಿ ಎರಡು ನಿಮಿಷಕ್ಕೊಮ್ಮೆ ಚಪ್ಪಾಳೆ, ನಾಣ್ಯ, ಟ್ರೋಫಿ ಬರುತ್ತಲ್ವಾ, ಇಲ್ಲಿ ಆ ಕಾಟ ಇಲ್ಲ.

ಈಗ ಅಸಲಿ ವಿಷಯ. ಚೌಕ ಬರೆಯೋದು ಸುಲಭ. ರಿಪೀಟ್ 4, ಆಮೇಲೆ ಚೌಕ ಆವರಣದಲ್ಲಿ ಎಫ್‌ಡಿ 100 ಆರ್‌ಟಿ 90. ಆಮೇಲೆ ಮಗಳಿಗೆ ಹೇಳಿದೆ, ಮೂರೂ ಬದಿ ಸಮ ಇರೋ ತ್ರಿಭುಜ ಬರಿ ಅಂತ. ಅವಳಿಗೆ ಪುಸ್ತಕದ ಪಾಠ ಬಾಯಿಪಾಠ, ಸಮಬಾಹು ತ್ರಿಭುಜದ ಕೋನ 60 ಡಿಗ್ರಿ. ರಿಪೀಟ್ 3, ಎಫ್‌ಡಿ 100, ಆರ್‌ಟಿ 60 ಅಂತ ಹೊಡೆದಳು. ಬಂದದ್ದು ತ್ರಿಭುಜವಲ್ಲ, ಬಾಯಿ ತೆರೆದುಕೊಂಡ ಅರ್ಧ ಆಕಾರ.

"ಅಮ್ಮಾ, ಇದು ಮುಚ್ಚಿಕೊಳ್ಳಲೇ ಇಲ್ಲ."

"60 ತಾನೇ ಹಾಕಿದ್ದು?"

"ಹೂಂ. ಕಂಪ್ಯೂಟರ್ ಸರಿ ಇಲ್ಲ."

ಹಾಲಿನಲ್ಲಿ ಟೈಲ್ಸ್ ಮೇಲೆ ಚಾಕ್‌ಪೀಸಲ್ಲಿ ತ್ರಿಭುಜ ಬರೆದು, ನೀನೇ ಆಮೆ ಆಗು, ಗೆರೆ ಮೇಲೆ ನಡಿ ಅಂದೆ. ನಡೆದಳು. ಮೊದಲ ಮೂಲೆಗೆ ಬಂದು ನಿಂತಳು. ಮೂಗು ನೇರ ಕಿಟಕಿ ಕಡೆ ಇತ್ತು, ಮುಂದಿನ ಗೆರೆಗೆ ಹೋಗಬೇಕಾದರೆ ಹೆಚ್ಚೂ ಕಡಿಮೆ ಬೆನ್ನ ಹಿಂದೆ ಇರೋ ಸೋಫಾ ಕಡೆ ತಿರುಗಬೇಕು. ತಿರುಗುತ್ತಾ ಅವಳೇ ಹೇಳಿದಳು, "ಅಯ್ಯೋ, ಇದು ಚೌಕಕ್ಕಿಂತ ಜಾಸ್ತಿ ತಿರುಗಬೇಕು!" ಅಲ್ಲಿಗೆ ಕೆಲಸ ಮುಗಿದಿತ್ತು. ಪುಸ್ತಕದ 60 ತ್ರಿಭುಜದ ಒಳಗಿನ ಕೋನ. ಆಮೆ ತಿರುಗುವುದು ಹೊರಕೋನ, 120. ಒಂದು ಸಂಖ್ಯೆ ಬದಲಿಸಿದ್ದಕ್ಕೆ ತ್ರಿಭುಜ ಮುಚ್ಚಿಕೊಂಡಿತು. ಹಾಗಾದರೆ ಆ 60 ಏನಾಗಿತ್ತು ಅಂತ ಅವಳೇ ರಿಪೀಟ್ 6 ಹಾಕಿ ನೋಡಿದಳು, ಷಡ್ಭುಜ ಬಂತು. ಮೊದಲು ಬಂದದ್ದು ಅರ್ಧ ಷಡ್ಭುಜ. ಚೌಕಕ್ಕೆ ನಾಲ್ಕು ಸಲ 90, ತ್ರಿಭುಜಕ್ಕೆ ಮೂರು ಸಲ 120, ಷಡ್ಭುಜಕ್ಕೆ ಆರು ಸಲ 60. ಎಲ್ಲಾ 360. ಗೆರೆಗಳು ಒಂದನ್ನೊಂದು ದಾಟದ ಯಾವ ಆಕಾರವೇ ಇರಲಿ, ಒಂದು ಸುತ್ತು ಹಾಕಿ ಹೊರಟ ದಿಕ್ಕಿಗೇ ಮುಖ ಮಾಡಿ ನಿಂತರೆ ತಿರುಗಿದ್ದು ಒಟ್ಟು 360 ಡಿಗ್ರಿ. ಬಹುಭುಜದ ಹೊರಕೋನಗಳ ಮೊತ್ತ ಅಂತ ನಾವು ಹೈಸ್ಕೂಲಿನಲ್ಲಿ ಪರೀಕ್ಷೆಗೆ ಉರು ಹೊಡೆದ ಪ್ರಮೇಯ ಇದು. ಇಲ್ಲಿ ಅದು ಕಾಲಿನಲ್ಲಿ ಸಿಕ್ಕಿತು.

ನೀನೇ ಆಮೆ ಆಗು ಅನ್ನೋದು ನನ್ನ ಉಪಾಯ ಅಲ್ಲ, ಪ್ಯಾಪರ್ಟ್‌ದು. ಅವರ ಸಂಶೋಧನೆಯ ಜೀವಾಳವೇ ಅದು. ಮಗುವಿಗೆ ತನ್ನ ದೇಹ ಹೇಗೆ ನಡೆಯುತ್ತೆ, ಹೇಗೆ ತಿರುಗುತ್ತೆ ಅನ್ನೋದು ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನೇ ಜ್ಯಾಮಿತಿಗೆ ಬಂಡವಾಳ ಮಾಡಿಕೊಳ್ಳಬಹುದು ಅಂತ ಅವರ ವಾದ.

ಆ ವಾದಕ್ಕೆ ಅವರು ಬಂದ ದಾರಿ ಸ್ವಾರಸ್ಯವಾಗಿದೆ. ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಚಿಕ್ಕಂದಿನಲ್ಲಿ ಹಲ್ಲಿನ ಚಕ್ರಗಳ ಹುಚ್ಚು, ಕಾರಿನ ಗೇರುಗಳನ್ನು ತಲೆಯೊಳಗೇ ತಿರುಗಿಸಿಕೊಂಡು ಗುಣಾಕಾರ, ಸಮೀಕರಣ ಅರ್ಥ ಮಾಡಿಕೊಂಡೆ ಅಂತ ಅವರೇ ಬರೆದಿದ್ದಾರೆ. ಯೌವನದಲ್ಲಿ ಅಲ್ಲಿನ ವರ್ಣಭೇದ ನೀತಿಯ ವಿರುದ್ಧ ನಿಂತವರು. ವಿಟ್‌ವಾಟರ್ಸ್‌ರ‍್ಯಾಂಡ್ ವಿಶ್ವವಿದ್ಯಾಲಯದಲ್ಲಿ 1952ಕ್ಕೆ ಗಣಿತದಲ್ಲಿ ಪಿಎಚ್‌ಡಿ, ಅದು ಸಾಲದು ಅಂತ ಕೇಂಬ್ರಿಡ್ಜ್‌ನಲ್ಲಿ 1959ಕ್ಕೆ ಇನ್ನೊಂದು. ಇಷ್ಟು ಓದಿದವರು ಸಾಮಾನ್ಯವಾಗಿ ಮಕ್ಕಳ ಹತ್ತಿರ ಸುಳಿಯೋದಿಲ್ಲ. ಇವರು 1958ರಿಂದ 1963ರ ತನಕ ಜಿನೀವಾದಲ್ಲಿ ಜೀನ್ ಪಿಯಾಜೆ ಹತ್ತಿರ ಇದ್ದರು. ಮಕ್ಕಳ ತಲೆ ಖಾಲಿ ಪಾತ್ರೆಯಲ್ಲ, ಅವರು ತಮ್ಮದೇ ರೀತಿಯಲ್ಲಿ ತಿಳಿವಳಿಕೆ ಕಟ್ಟಿಕೊಳ್ಳುತ್ತಾರೆ ಅಂತ ತೋರಿಸಿಕೊಟ್ಟ ಪಿಯಾಜೆ. ಅಲ್ಲಿಂದ ಅಮೆರಿಕದ ಎಂಐಟಿಗೆ. ಅಲ್ಲಿ ಮಾರ್ವಿನ್ ಮಿನ್‌ಸ್ಕಿ ಜೊತೆ ಕೃತಕ ಬುದ್ಧಿಮತ್ತೆಯ ಲ್ಯಾಬ್ ನಡೆಸಿದರು. ಇವತ್ತು ಎಲ್ಲರ ಬಾಯಲ್ಲೂ ಇರುವ ನ್ಯೂರಲ್ ನೆಟ್‌ವರ್ಕ್‌ಗಳ ಆರಂಭದ ರೂಪಕ್ಕೆ ಎಷ್ಟು ಮಿತಿ ಇದೆ ಅಂತ ಗಣಿತದಲ್ಲಿ ಸಾಧಿಸಿ ಇಬ್ಬರೂ ಸೇರಿ 1969ರಲ್ಲಿ ಪುಸ್ತಕ ಬರೆದರು. ಅದೇ ಬೇರೆ ಕಥೆ, ಬಿಡಿ.

ಲೋಗೋ ಹುಟ್ಟಿದ್ದು 1967ರಲ್ಲಿ. ಕೀರ್ತಿ ಪೂರಾ ಪ್ಯಾಪರ್ಟ್‌ಗೆ ಹೋಗುತ್ತೆ, ಆದರೆ ಅವರ ಜೊತೆ ಕೆಲಸ ಮಾಡಿದ ವಾಲಿ ಫೊಯರ್‌ಜೈಗ್ ಮತ್ತು ಸಿಂಥಿಯಾ ಸಾಲೊಮನ್ ಇಲ್ಲದೆ ಅದು ಆಗುತ್ತಿರಲಿಲ್ಲ. ಸಿಂಥಿಯಾ ಹೆಸರು ನಮ್ಮ ಕಂಪ್ಯೂಟರ್ ಪುಸ್ತಕಗಳಲ್ಲಿ ಇರೋದನ್ನ ನಾನಂತೂ ನೋಡಿಲ್ಲ. ಮೊದಲು ಆಮೆ ಇರಲಿಲ್ಲ, ಬರೀ ಪದ, ವಾಕ್ಯ, ಲೆಕ್ಕಗಳ ಆಟ. ಆಮೇಲೆ ನೆಲದ ಮೇಲೆ ಓಡಾಡುವ ನಿಜವಾದ ರೋಬಾಟ್ ಆಮೆ ಬಂತು, ಹೊಟ್ಟೆಯಡಿ ಪೆನ್ನು ಕಟ್ಟಿಕೊಂಡು. ಆಮೆ ಅನ್ನೋ ಹೆಸರು ಬಂದದ್ದು ಬ್ರಿಸ್ಟಲ್‌ನ ವಿಜ್ಞಾನಿ ಗ್ರೇ ವಾಲ್ಟರ್ 1940ರ ದಶಕದ ಕೊನೆಗೆ ಮಾಡಿದ್ದ ಯಂತ್ರದ ಆಮೆಗಳಿಂದ. ಪರದೆಯ ಮೇಲಿನ ತ್ರಿಭುಜ ಅದರ ನಂತರದ್ದು. ಒಂದು ಕಂಪ್ಯೂಟರ್ ಒಂದು ಕೋಣೆ ತುಂಬುತ್ತಿದ್ದ ಕಾಲದಲ್ಲಿ, ಪ್ರತಿ ಮಗುವಿಗೂ ಒಂದು ಸಿಗಬೇಕು ಅಂತ ಮಾತಾಡಿದವರು ಇವರು. ಜನ ನಕ್ಕಿದ್ದರೆ ಆಶ್ಚರ್ಯ ಇಲ್ಲ.

ವಾಪಸ್ ಆಮೆಗೆ. ಅಣ್ಣನ ಮಗನಿಗೆ ನಕ್ಷತ್ರ ಬೇಕಿತ್ತು. 140 ಹಾಕಿದ, ತುದಿ ಕೂಡಲಿಲ್ಲ. 150 ಹಾಕಿದ, ದಾಟಿಹೋಯಿತು. 145ಕ್ಕೆ ಬಹಳ ಹತ್ತಿರ ಬಂತು, ಆದರೂ ಕೂದಲೆಳೆ ಸಂದು. 144ಕ್ಕೆ ಸರಿಯಾಗಿ ಕೂತಿತು. ಐದು ಸಲ 144 ಎಷ್ಟು ಅಂತ ಕೇಳಿದೆ. 720. "ಅಂದ್ರೆ ಎರಡು ಸುತ್ತು ಅತ್ತೆ!" ಅಂದ. ನಕ್ಷತ್ರ ಬರೆಯೋಕೆ ಆಮೆ ಎರಡು ಪೂರ್ತಿ ಸುತ್ತು ತಿರುಗುತ್ತೆ. ಹಾಗಾದರೆ ಏಳು ಮೂಲೆಯ ನಕ್ಷತ್ರ? 720ನ್ನು 7ರಿಂದ ಭಾಗಿಸಿದರೆ ಶೇಷ ಉಳಿಯುತ್ತೆ. ಪರವಾಗಿಲ್ಲ, ಆರ್‌ಟಿ 720/7 ಅಂತಲೇ ಹಾಕಬಹುದು, ಆಮೆ ತಾನೇ ಲೆಕ್ಕ ಮಾಡಿಕೊಳ್ಳುತ್ತೆ. ಭಿನ್ನರಾಶಿ ಅಂದರೆ ಮುಖ ಸಿಂಡರಿಸುವ ಹುಡುಗ ಆವತ್ತು ಭಿನ್ನರಾಶಿಯನ್ನು ತಾನಾಗಿಯೇ ಟೈಪ್ ಮಾಡಿದ.

ವೃತ್ತವೂ ಹೀಗೇ. ರಿಪೀಟ್ 360, ಎಫ್‌ಡಿ 1 ಆರ್‌ಟಿ 1. ಒಂದು ಹೆಜ್ಜೆ, ಒಂದು ಡಿಗ್ರಿ, ಮತ್ತೆ ಒಂದು ಹೆಜ್ಜೆ. ಸರಿಯಾಗಿ ಹೇಳಬೇಕಂದ್ರೆ ಅದು 360 ಬದಿಯ ಬಹುಭುಜ, ಕಣ್ಣಿಗೆ ವೃತ್ತ. ಕೈವಾರದಲ್ಲಿ ಬರೆಯುವ ವೃತ್ತಕ್ಕೆ ನಡುವಿನ ಬಿಂದು ಬೇಕು, ಇದಕ್ಕೆ ಬೇಡ. ಆಮೆಗೆ ನಡುವೆ ಎಲ್ಲಿದೆ ಅಂತಲೇ ಗೊತ್ತಿಲ್ಲ, ಸುಮ್ನೆ ಸ್ವಲ್ಪ ನಡೆದು ಸ್ವಲ್ಪ ತಿರುಗುತ್ತೆ ಅಷ್ಟೇ. ಸುತ್ತಳತೆ 360 ಹೆಜ್ಜೆ ಅಂತ ಗೊತ್ತೇ ಇದೆ, ಅಡ್ಡ ದಾಟಲು ಎಷ್ಟು ಹೆಜ್ಜೆ ಅಂತ ಎಫ್‌ಡಿ ಹಾಕಿ ಹುಡುಕಿದರೆ 115ರ ಆಸುಪಾಸು ಬರುತ್ತೆ. 360ನ್ನು ಅದರಿಂದ ಭಾಗಿಸಿ ನೋಡಿ. ಪೈ ಬಂದು ಎದುರಿಗೆ ನಿಲ್ಲುತ್ತೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ತಪ್ಪಾದಾಗ ಅದು ಮಾತಾಡುವ ರೀತಿ. ಜಾಗ ಬಿಡದೆ ಎಫ್‌ಡಿ100 ಅಂತ ಹೊಡೆದರೆ ಲೋಗೋ ಹೇಳುವುದು: ಎಫ್‌ಡಿ100 ಹೇಗೆ ಮಾಡೋದು ನನಗೆ ಗೊತ್ತಿಲ್ಲ. ಇಂಗ್ಲಿಷಿನಲ್ಲೇ ಹೇಳುತ್ತೆ, ಆದರೆ ಧಾಟಿ ನೋಡಿ. ತಪ್ಪು ನಿನ್ನದು ಅನ್ನುವುದಿಲ್ಲ, ಗೊತ್ತಿಲ್ಲದವನು ತಾನು ಅನ್ನುತ್ತೆ. ಗೊತ್ತಿಲ್ಲದ್ದನ್ನು ಕಲಿಸಲೂಬಹುದು. ಟು ಅಂತ ಬರೆದು ಪಕ್ಕದಲ್ಲಿ ಒಂದು ಹೆಸರು ಕೊಟ್ಟು, ಕೆಳಗೆ ಸಾಲುಗಳನ್ನು ಬರೆದು ಎಂಡ್ ಅಂದರೆ ಮುಗಿಯಿತು, ಆವತ್ತಿನಿಂದ ಆಮೆಗೆ ಒಂದು ಹೊಸ ಮಾತು ಬರುತ್ತೆ. ಮಗಳು ಮನೆ, ಹೂವು, ದಳ ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಹೆಸರುಗಳನ್ನೇ ಕೊಟ್ಟಿದ್ದಾಳೆ. ದಳ ಕಲಿಸಿದ ಮೇಲೆ ಹೂವು ಒಂದೇ ಸಾಲು: ಎಂಟು ಸಲ ದಳ, ಪ್ರತಿ ಸಲ 45 ಡಿಗ್ರಿ ತಿರುಗು. ಉತ್ತರ ಸರಿಯೋ ತಪ್ಪೋ ಅಂತ ಕೇಳುವ ಬದಲು, ಎಲ್ಲಿ ಕೆಟ್ಟಿದೆ, ಹೇಗೆ ರಿಪೇರಿ ಮಾಡೋದು ಅಂತ ಕೇಳೋ ಅಭ್ಯಾಸ ಗಣಿತದಲ್ಲಿ ಬರಬೇಕು ಅಂತ ಪ್ಯಾಪರ್ಟ್ ಪದೇ ಪದೇ ಹೇಳುತ್ತಿದ್ದರು. ಗಣಿತದ ಬಗ್ಗೆ ಕಲಿಯೋದು ಬೇರೆ, ಮಗು ತಾನೇ ಗಣಿತಜ್ಞ ಆಗೋದು ಬೇರೆ ಅನ್ನೋದು 1970ರ ದಶಕದ ಆರಂಭದಿಂದಲೂ ಅವರ ಮಾತು. ನಮ್ಮ ಕೆಂಪು ಇಂಕಿನ ತಪ್ಪು ಗುರುತು ಇದಕ್ಕೆ ಪೂರಾ ಉಲ್ಟಾ.

ಇನ್ನು ದೂರುಗಳು. ಪ್ಯಾಪರ್ಟ್ ಭಕ್ತರಿಗೆ ಇಷ್ಟವಾಗಲಿಕ್ಕಿಲ್ಲ.

ಅವರ ಒಂದು ಪ್ರಸಿದ್ಧ ಮಾತಿದೆ. ಫ್ರೆಂಚ್ ಕಲಿಯಬೇಕಾದರೆ ಫ್ರಾನ್ಸಿನಲ್ಲಿ ಇರಬೇಕು, ಹಾಗೆಯೇ ಗಣಿತ ಕಲಿಯಲು ಗಣಿತವೇ ಆಡುಭಾಷೆಯಾಗಿರುವ ಒಂದು ನಾಡು ಬೇಕು, ಲೋಗೋ ಆ ನಾಡು ಅಂತ. ಕೇಳೋಕೆ ಚೆನ್ನಾಗಿದೆ. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದೂ ಕನ್ನಡದ ಹತ್ತು ಮಾತು ಬಾರದವರನ್ನು ಕಂಡಿರುವ ನಮಗೆ ಸ್ವಲ್ಪ ಅನುಮಾನ ಬಂದೇ ಬರುತ್ತೆ ಅಲ್ವಾ? ಊರಲ್ಲಿ ಇದ್ದರೆ ಸಾಲದು, ಯಾರಾದರೂ ಮಾತಾಡಿಸಬೇಕು. ಸಂಶೋಧನೆಯಲ್ಲೂ ಹೆಚ್ಚುಕಡಿಮೆ ಇದೇ ಬಂತು. ನ್ಯೂಯಾರ್ಕ್‌ನ ಬ್ಯಾಂಕ್ ಸ್ಟ್ರೀಟ್ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ 1980ರ ದಶಕದ ನಡುವೆ ಪರೀಕ್ಷೆ ಮಾಡಿ ನೋಡಿದರು. ಲೋಗೋ ಕಲಿತ ಮಕ್ಕಳು ಬೇರೆ ಕೆಲಸಗಳಲ್ಲಿ ಯೋಜನೆ ಹಾಕೋದ್ರಲ್ಲಿ ಉಳಿದ ಮಕ್ಕಳಿಗಿಂತ ಮುಂದೇನೂ ಇರಲಿಲ್ಲ. ಪ್ಯಾಪರ್ಟ್ 1987ರಲ್ಲಿ ಉತ್ತರ ಕೊಟ್ಟರು: ಲೋಗೋ ಮಕ್ಕಳಿಗೆ ಏನು ಮಾಡುತ್ತೆ ಅಂತ ಕೇಳೋದೇ ತಪ್ಪು ಪ್ರಶ್ನೆ, ಅದನ್ನು ಇಟ್ಟುಕೊಂಡು ಜನ ಏನು ಮಾಡುತ್ತಾರೆ ಅಂತ ಕೇಳಿ. ಒಪ್ಪುವ ಮಾತೇ. ಆದರೆ ಈ ಉತ್ತರ ಇಟ್ಟುಕೊಂಡರೆ ಯಾವ ಪರೀಕ್ಷೆಯಲ್ಲೂ ಸೋಲೋದೇ ಇಲ್ಲ, ಅದು ನನಗೆ ಅಷ್ಟು ಸರಿ ಕಾಣಲಿಲ್ಲ. ಆಮೇಲೆ ಸಂಶೋಧಕರಾದ ಡಗ್ಲಾಸ್ ಕ್ಲೆಮೆಂಟ್ಸ್ ಮತ್ತು ಮೈಕಲ್ ಬಟಿಸ್ಟಾ ಜ್ಯಾಮಿತಿಯ ಪಾಠಗಳನ್ನೇ ಲೋಗೋ ಸುತ್ತ ಹೊಸೆದು, ಟೀಚರ್‌ಗಳನ್ನೂ ಸೇರಿಸಿಕೊಂಡು ಮಾಡಿದಾಗ ಕೋನ, ಆಕಾರಗಳ ತಿಳಿವಳಿಕೆಯಲ್ಲಿ ಲಾಭ ಕಂಡಿತು. ನಮ್ಮ ಮನೆಯ ಅನುಭವವೂ ಅದೇ. ಮಗಳನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ನಾನು ಅಡುಗೆ ಮನೆಗೆ ಹೋದ ದಿನ ಪರದೆ ತುಂಬಾ ಗೀಚು. ಎಫ್‌ಡಿ 9999 ಹಾಕಿದರೆ ಆಮೆ ಒಂದು ಅಂಚಿನಿಂದ ಹೋಗಿ ಇನ್ನೊಂದು ಅಂಚಿನಿಂದ ಬರುತ್ತೆ, ಅದೇ ದೊಡ್ಡ ಮಜಾ. ಗಣಿತ ಹುಟ್ಟೋದು ಪಕ್ಕದಲ್ಲಿ ಯಾರಾದರೂ ಕೂತು, ಯಾಕೆ ಹಾಗಾಯ್ತು ಅಂತ ಕೇಳಿದಾಗ. ಹಾಗಾಗಿ ಮಗುವನ್ನು ಅರ್ಧ ಗಂಟೆ ಸುಮ್ಮನಿರಿಸೋಕೆ ಏನಾದರೂ ಹುಡುಕುತ್ತಿದ್ದರೆ ಇದು ನಿಮಗಲ್ಲ.

ಇದೇ ಪಾಠ ದೊಡ್ಡ ಮಟ್ಟದಲ್ಲೂ ಆಯಿತು. ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಅನ್ನುವ ಒಎಲ್‌ಪಿಸಿ ಯೋಜನೆಯ ಹಿಂದೆ ಎಂಐಟಿಯ ನಿಕೊಲಸ್ ನೆಗ್ರೊಪಾಂಟೆ ಜೊತೆ ಪ್ಯಾಪರ್ಟ್ ವಿಚಾರವೂ ಇತ್ತು. ಪೆರು ದೇಶ ಹಳ್ಳಿಗಳಿಗೆ ಬೇಕಾದಷ್ಟು ಹಂಚಿತು. 2012ರ ಅಧ್ಯಯನದಲ್ಲಿ ಗಣಿತ, ಭಾಷೆ ಎರಡರಲ್ಲೂ ಅಂಕದ ಮೇಲೆ ಪರಿಣಾಮ ಕಾಣಲಿಲ್ಲ.

ಇನ್ನೊಂದು ಕೊರತೆ ಭಾಷೆಯದು. ಲೋಗೋ ಕಮಾಂಡ್‌ಗಳೆಲ್ಲ ಇಂಗ್ಲಿಷ್. ಇದಕ್ಕೆ ಒಂದು ದಾರಿ ಇದೆ, ಮಕ್ಕಳು ಆರನೇ ಕ್ಲಾಸ್ ದಾಟಿದ ಮೇಲೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಗೆ ಬನ್ನಿ. ಪೈಥಾನ್ ಹಾಕಿಕೊಂಡರೆ ಟರ್ಟಲ್ ಅಂತ ಇದೇ ಆಮೆ ಅದರ ಜೊತೆಗೇ ಬರುತ್ತೆ. ಪೈಥಾನ್ 3ರಲ್ಲಿ ನಾವು ಕೊಡುವ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. ಚೌಕ, ತ್ರಿಭುಜ, ಹೂವು ಅಂತ ಕನ್ನಡದಲ್ಲೇ ಟೈಪ್ ಮಾಡಿ ಫಂಕ್ಷನ್ (ಲೋಗೋದಲ್ಲಿ ಆಮೆಗೆ ಕಲಿಸಿದ ಹೊಸ ಮಾತಿನ ಥರದ್ದೇ) ಬರೆಯಿರಿ, ಓಡುತ್ತೆ. ಮುಂದೆಹೋಗು, ಬಲಕ್ಕೆತಿರುಗು ಅಂತ ಎರಡು ಫಂಕ್ಷನ್ ನೀವೇ ಬರೆದುಕೊಟ್ಟರೆ ಕನ್ನಡ ಮೀಡಿಯಂ ಮಕ್ಕಳು ಆಮೆಗೆ ಹೇಳೋದೆಲ್ಲ ಕನ್ನಡದಲ್ಲೇ ಹೇಳಬಹುದು. ಎರಡು ಕಡೆ ಎಡವುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ನಿಮ್ಮ ಫೈಲಿಗೆ ಟರ್ಟಲ್ ಅಂತಲೇ ಹೆಸರಿಡಬೇಡಿ, ಪೈಥಾನ್ ನಿಜವಾದ ಆಮೆಯನ್ನು ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಂಡು ಎರರ್ ಕೊಡುತ್ತೆ. ಮತ್ತೆ, ಲೋಗೋದ ಆಮೆ ಹುಟ್ಟುವಾಗ ಮೇಲೆ ನೋಡುತ್ತಿರುತ್ತೆ, ಪೈಥಾನಿನದು ಬಲಕ್ಕೆ. ಅದರಲ್ಲಿ ಬರೆದದ್ದನ್ನು ಇದರಲ್ಲಿ ಹಾಕಿದರೆ ಚಿತ್ರ ಅಡ್ಡ ಮಲಗುತ್ತೆ.

ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಸಾಕಲ್ವಾ ಅಂತ ಕೇಳುತ್ತಾರೆ. ಸ್ಕ್ರ್ಯಾಚ್ ಮಾಡಿದ ಮಿಚೆಲ್ ರೆಸ್ನಿಕ್ ಪ್ಯಾಪರ್ಟ್ ಶಿಷ್ಯರೇ, 2007ರಿಂದ ಇದೆ, ಅದೂ ಪುಕ್ಕಟೆ. ಕಥೆ, ಆಟ, ಕಾರ್ಟೂನ್ ಮಾಡೋಕೆ ಬಹಳ ಚೆನ್ನಾಗಿದೆ. ಆದರೆ ಗೆರೆ ಎಳೆಯುವ ಪೆನ್ನನ್ನು ಎಕ್ಸ್‌ಟೆನ್ಷನ್ ಅಂತ ಬೇರೆ ಮೂಲೆಯಲ್ಲಿ ಇಟ್ಟಿದ್ದಾರೆ, ಹುಡುಕಿ ಸೇರಿಸಿಕೊಳ್ಳಬೇಕು. ಜ್ಯಾಮಿತಿಯೇ ಬೇಕು ಅನ್ನುವವರಿಗೆ ಲೋಗೋ ನೇರ. ಲೆಗೋ ಕಂಪನಿಯ ಮೈಂಡ್‌ಸ್ಟಾರ್ಮ್ಸ್ ರೋಬಾಟ್ ಕಿಟ್ 1998ರಲ್ಲಿ ಬಂತು, ಆ ಹೆಸರು ಪ್ಯಾಪರ್ಟ್‌ರ 1980ರ ಪುಸ್ತಕದ್ದೇ. ದುಬಾರಿ ಸಾಮಾನು. ಕಂಪನಿ 2022ರ ಕೊನೆಗೆ ಅದನ್ನು ನಿಲ್ಲಿಸಿತು, ಸೆಕೆಂಡ್ ಹ್ಯಾಂಡ್ ಹುಡುಕಿಕೊಂಡು ಹೋಗಬೇಡಿ.

ಪ್ಯಾಪರ್ಟ್ ಕೆಲಸ ನಿಂತುಹೋದದ್ದು 2006ರ ಡಿಸೆಂಬರಿನಲ್ಲಿ, ವಿಯೆಟ್ನಾಂನ ಹನೋಯಿಯಲ್ಲಿ. ಗಣಿತ ಶಿಕ್ಷಣ ಮತ್ತು ತಂತ್ರಜ್ಞಾನದ ಬಗ್ಗೆ ನಡೆಯುತ್ತಿದ್ದ ಸಮಾವೇಶಕ್ಕೆ ಹೋಗಿದ್ದರು. ಆ ಊರಿನ ಮೋಟಾರ್‌ಬೈಕ್ ಪ್ರವಾಹವನ್ನು ಗಣಿತದ ಮಾದರಿಯಲ್ಲಿ ಹೇಗೆ ಹಿಡಿಯೋದು ಅಂತ ಹಳೆಯ ಶಿಷ್ಯ ಯೂರಿ ವಿಲೆನ್‌ಸ್ಕಿ ಜೊತೆ ಮಾತಾಡಿಕೊಂಡಿದ್ದರಂತೆ. ರಸ್ತೆ ದಾಟುವಾಗ ಒಂದು ಬೈಕ್ ಬಂದು ಗುದ್ದಿತು. ತಲೆಗೆ ಬಿದ್ದ ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 2016ರಲ್ಲಿ ಅಮೆರಿಕದ ಮೇನ್ ರಾಜ್ಯದ ಮನೆಯಲ್ಲಿ ತೀರಿಕೊಂಡರು. ಆ ಮೇನ್ ರಾಜ್ಯ 2002ರಲ್ಲೇ ಏಳನೇ ಕ್ಲಾಸಿನ ಮಕ್ಕಳಿಗೆಲ್ಲ ಲ್ಯಾಪ್‌ಟಾಪ್ ಕೊಟ್ಟಿತ್ತು, ಅದರಲ್ಲೂ ಇವರ ಕೈ ಇತ್ತು.

ಸ್ಟಾರ್ ಲೆಕ್ಕ ಶೀರ್ಷಿಕೆಯಲ್ಲೇ ಹೇಳಿದ್ದೇನೆ. ಆ ಅರ್ಧ ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಸೇವ್ ಮಾಡೋ ರಗಳೆ. ಎಫ್‌ಎಂಎಸ್ ಲೋಗೋದಲ್ಲಿ ಫೈಲ್ ಮೆನುವಿನಲ್ಲಿ ಸೇವ್ ಕೊಟ್ಟರೆ ಉಳಿಯೋದು ನೀವು ಆಮೆಗೆ ಕಲಿಸಿದ ಮಾತುಗಳು ಮಾತ್ರ, ಚಿತ್ರ ಅಲ್ಲ. ಚಿತ್ರ ಬೇಕಾದರೆ ಬಿಟ್‌ಮ್ಯಾಪ್ ಅನ್ನೋ ಬೇರೆ ಮೆನುವಿಗೆ ಹೋಗಿ ಸೇವ್ ಮಾಡಬೇಕು. ಮಗಳು ದೀಪಾವಳಿಗೆ ಅಂತ ಬಣ್ಣ ತುಂಬಿ ಮಾಡಿದ್ದ ಹದಿನಾರು ದಳದ ರಂಗೋಲಿ ಹೀಗೇ ಹೋಯಿತು. ದಳ ಉಳಿದಿತ್ತು, ಹಾಗಾಗಿ ಮತ್ತೆ ಬರೆಯೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಣ್ಣ ತುಂಬೋದಂತೂ ಮೊದಲಿಂದ.